ಆಲ್ಬಮ್ಮಿನಲ್ಲಿ ಇಲ್ಲದ ಚಿತ್ರ

ಹಳೆಯ ಕಾಗದಪತ್ರಗಳನ್ನೂ ಭಾವಚಿತ್ರಗಳನ್ನೂ ಗೆದ್ದಲಿನಿಂದ ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆವು. ಅದನ್ನೋದಿದ ಸೋದರಿಯೊಬ್ಬರು ಬರೆದ ಪತ್ರ ಬಹಳ ದಿನಗಳಿಂದ ನಮ್ಮ ಮೇಜಿನ ಮೇಲಿದೆ. "ಚಿತ್ರಗಳನ್ನೇನೋ ಕಾಪಾಡಿದ್ದೇವೆ. ಆದರೆ ಅವುಗಳಲ್ಲಿ ನಮ್ಮ ಮನೆಯ ಕಥೆ ಎಲ್ಲಿದೆ? ಎಲ್ಲರೂ ಮದುವೆಗೆ ಹೊರಟವರಂತೆ ನಿಂತಿದ್ದಾರಲ್ಲ" ಎಂದು ಅವರು ಕೇಳಿದ್ದರು. ಉತ್ತರ ಬರೆಯಲು ತಡವಾಯಿತು. ಪ್ರಶ್ನೆ ಸಣ್ಣದೆಂದು ತೋರಿದರೂ ಉತ್ತರ ನಮಗೂ ಹೊಳೆದಿರಲಿಲ್ಲವೆಂಬುದೇ ಅದಕ್ಕೆ ಕಾರಣ.

ನಮ್ಮ ಕಾಸರಗೋಡು ಸೀಮೆಯ ಹಳೆಯ ಮನೆಗಳ ಚಾವಡಿಯನ್ನು ವಾಚಕರು ಒಮ್ಮೆ ಕಣ್ಮುಂದೆ ತಂದುಕೊಳ್ಳಬೇಕು. ಗೋಡೆಯ ಮೇಲುಭಾಗದಲ್ಲಿ, ಮಾಡಿಗೆ ತಾಗುವಷ್ಟು ಎತ್ತರದಲ್ಲಿ, ಮುಂದಕ್ಕೆ ಬಾಗಿಸಿ ತೂಗಹಾಕಿದ ಚೌಕಟ್ಟುಗಳು. ಚಿತ್ರವನ್ನು ಅಂಟಿಸಿದ ರಟ್ಟಿನ ಅಂಚಿನಲ್ಲಿ ಮಂಗಳೂರಿನ ಯಾವುದೋ ಸ್ಟುಡಿಯೋದ ಮುದ್ರೆ. 1956ರ ನವೆಂಬರ್ 1ರಂದು ರಾಜ್ಯದ ಗಡಿ ನಡುವೆ ಬಂದು ನಿಂತಿತಾದರೂ, ಹೊಸದಾಗಿ ಮದುವೆಯಾದವರು ರೈಲು ಹತ್ತಿ ಮಂಗಳೂರಿಗೆ ಹೋಗಿ ಫೋಟೋ ತೆಗೆಸಿಕೊಂಡು ಬರುವ ಪದ್ಧತಿ ಅನೇಕ ಮನೆಗಳಲ್ಲಿ ನಿಲ್ಲಲಿಲ್ಲ. ಆ ಚಿತ್ರಗಳಲ್ಲಿ ಗಂಡ ಕುರ್ಚಿಯ ಮೇಲೆ ಕುಳಿತಿರುತ್ತಾನೆ. ಹೆಂಡತಿ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ನಿಂತಿರುತ್ತಾಳೆ. ಹಿಂದೆ ಬಣ್ಣದಲ್ಲಿ ಬರೆದ ಪರದೆ. ಅದರಲ್ಲಿ ಯಾರ ಮನೆಯಲ್ಲಿಯೂ ಇಲ್ಲದ ಮೆಟ್ಟಿಲು, ಯಾವ ಊರಿನಲ್ಲಿಯೂ ಕಾಣದ ಸರೋವರ. ಕೈಗಡಿಯಾರವು ಕಾಣುವಂತೆ ಅಂಗಿಯ ತೋಳನ್ನು ತುಸು ಮೇಲಕ್ಕೆ ಸರಿಸಿಕೊಂಡಿರುವುದೂ ಉಂಟು. ಆ ಗಡಿಯಾರ ಎಷ್ಟೋ ಸಲ ನೆರೆಮನೆಯವರದು.

ಅಂದಮೇಲೆ ಕಟ್ಟಿ ನಿಲ್ಲಿಸಿದ ಚಿತ್ರವೆಂಬುದು ನಮಗೆ ಹೊಸದಲ್ಲ. ಗೋಡೆಯ ಮೇಲಿರುವುದೆಲ್ಲ ಕಟ್ಟಿದ್ದೇ. ಯಾವುದನ್ನು ಕಟ್ಟಿದರು, ಯಾವುದನ್ನು ಬಿಟ್ಟರು ಎಂಬುದಷ್ಟೇ ವಿಚಾರ ಮಾಡತಕ್ಕ ಸಂಗತಿ. ಮದುವೆ, ನಾಮಕರಣ, ಗೃಹಪ್ರವೇಶ, ಮಗನಿಗೆ ನೌಕರಿ ದೊರೆತ ಸಂತೋಷ, ಇವೆಲ್ಲವೂ ಇವೆ. ಗದ್ದೆಯನ್ನು ಅಡವಿಟ್ಟ ದಿನದ ಚಿತ್ರವಿಲ್ಲ. ಗಂಡನ ಮನೆಯಿಂದ ಮರಳಿ ಬಂದ ಮಗಳ ಚಿತ್ರವಿಲ್ಲ. ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ಹಿಂದಿನ ಕೋಣೆಯಲ್ಲಿ ಬಾಳಿ ಮುಗಿಸಿದ ಚಿಕ್ಕಮ್ಮನ ಚಿತ್ರವಿಲ್ಲ. ಪಾಶ್ಚಾತ್ಯರ ಮನೆಗಳಲ್ಲಿಯೂ ಇದೇ ಕಥೆ. 1900ರಲ್ಲಿ ಕೊಡಾಕ್ ಕಂಪೆನಿಯು ಒಂದು ಡಾಲರ್ ಬೆಲೆಗೆ ಬ್ರೌನಿ ಎಂಬ ಪುಟ್ಟ ಕ್ಯಾಮೆರಾವನ್ನು ಮಾರಾಟಕ್ಕೆ ತಂದ ಮೇಲೆ ಸಾಮಾನ್ಯರೂ ಮಕ್ಕಳೂ ಚಿತ್ರ ತೆಗೆಯಬಲ್ಲವರಾದರು. ಆದರೆ ರಜೆಯ ವಿಹಾರವನ್ನು, ನಗುವ ಮಗುವನ್ನು, ಹಬ್ಬದೂಟವನ್ನು ತೆಗೆಯಿರಿ ಎಂದು ಕಲಿಸಿದ್ದು ಅದೇ ಕಂಪೆನಿಗಳ ಜಾಹೀರಾತು. ದುಡಿಮೆ, ರೋಗ, ಜಗಳ, ಸಾವು ಇವು ಚಿತ್ರಕ್ಕೆ ತಕ್ಕ ವಿಷಯಗಳಲ್ಲವೆಂಬ ಪಾಠವನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಜಗತ್ತೆಲ್ಲ ಕಲಿತುಬಿಟ್ಟಿತು.

ಈ ಬಿಟ್ಟುಹೋದ ಪುಟಗಳನ್ನು ತಾನೇ ವೇಷ ಕಟ್ಟಿ ಮರಳಿ ತೆಗೆಸಿಕೊಂಡ ಒಬ್ಬ ಆಂಗ್ಲ ಮಹಿಳೆಯ ವಿಷಯವನ್ನು ಈ ತಿಂಗಳು ವಾಚಕರ ಮುಂದಿಡಬಯಸುತ್ತೇವೆ. ಪತ್ರ ಬರೆದ ಸೋದರಿಯ ಪ್ರಶ್ನೆಗೆ ಅಲ್ಲಿ ಒಂದು ದಾರಿ ಸಿಕ್ಕೀತೆಂದು ನಮಗೆ ತೋರಿದೆ.

ಆಕೆಯ ಹೆಸರು ಜೋ ಸ್ಪೆನ್ಸ್. 1934ರಲ್ಲಿ ಲಂಡನ್ ನಗರದ ಶ್ರಮಜೀವಿ ಕುಟುಂಬವೊಂದರಲ್ಲಿ ಜನಿಸಿದರು. ಎರಡನೆಯ ಮಹಾಯುದ್ಧದ ಕಾಲ; ಬಾಂಬಿನ ಭಯದಿಂದ ನಗರದ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸುತ್ತಿದ್ದರು. 1939ರ ಸೆಪ್ಟೆಂಬರಿನ ಮೊದಲ ಕೆಲವೇ ದಿನಗಳಲ್ಲಿ ಹೀಗೆ ಸಾಗಿಹೋದವರ ಸಂಖ್ಯೆ ಸುಮಾರು 15 ಲಕ್ಷ. ತಾಯಿತಂದೆಯರನ್ನು ಬಿಟ್ಟು ಪರರ ಮನೆಯಲ್ಲಿ ಇರಬೇಕಾಗಿ ಬಂದ ಅಂತಹ ಮಕ್ಕಳಲ್ಲಿ ಸ್ಪೆನ್ಸ್ ಕೂಡ ಒಬ್ಬರು. ದೊಡ್ಡವರಾದ ಮೇಲೆ ಛಾಯಾಚಿತ್ರಗಳ ವ್ಯಾಪಾರದ ಕಛೇರಿಯಲ್ಲಿ ಬೆರಳಚ್ಚು ಮುಂತಾದ ಕೆಲಸಕ್ಕೆ ಸೇರಿ, ಕ್ರಮೇಣ ಕ್ಯಾಮೆರಾದ ವಿದ್ಯೆಯನ್ನೂ ಕಲಿತರು. 1967ರಲ್ಲಿ ಲಂಡನಿನ ಹ್ಯಾಂಪ್‌ಸ್ಟೆಡ್ ಭಾಗದಲ್ಲಿ ಸ್ವಂತ ಸ್ಟುಡಿಯೋ ತೆರೆದು, 1974ರ ವರೆಗೆ ಮದುವೆಯ ಚಿತ್ರ, ಮಕ್ಕಳ ಚಿತ್ರ, ಕುಟುಂಬದ ಚಿತ್ರ ಎಂದು ಜನ ಕೇಳಿದುದನ್ನು ತೆಗೆದುಕೊಟ್ಟರು. ಇತರರ ಮುಖದ ಮೇಲೆ ನಗುವನ್ನು ತರಿಸುವುದೇ ಜೀವನೋಪಾಯವಾಗಿದ್ದವರಿಗೆ ಆ ನಗುವಿನ ಬೆಲೆ ಚೆನ್ನಾಗಿ ತಿಳಿದಿತ್ತೆಂದು ಕಾಣುತ್ತದೆ.

1979ರಲ್ಲಿ ಲಂಡನಿನ ಹೇವರ್ಡ್ ಗ್ಯಾಲರಿಯಲ್ಲಿ ನಡೆದ ಪ್ರದರ್ಶನವೊಂದರಲ್ಲಿ ಸ್ಪೆನ್ಸ್ ತಮ್ಮ ಮನೆಯ ಆಲ್ಬಮ್ಮನ್ನೇ ಬಿಚ್ಚಿ ಗೋಡೆಗೆ ಹಾಕಿದರು. ಚಿತ್ರಗಳ ಕೆಳಗೆ ಆಲ್ಬಮ್ಮು ಹೇಳದೆ ಬಿಟ್ಟದ್ದನ್ನು ತಾವೇ ಬರೆದರು. ಎಂಟೂವರೆ ತಿಂಗಳ ಶಿಶುವಾಗಿದ್ದಾಗಿನ ತಮ್ಮ ಚಿತ್ರದ ಪಕ್ಕದಲ್ಲಿ, ಅದೇ ಭಂಗಿಯಲ್ಲಿ ತೆಗೆಸಿಕೊಂಡ ಇನ್ನೊಂದು ಚಿತ್ರವನ್ನಿಟ್ಟು, 528 ತಿಂಗಳುಗಳ ತರುವಾಯ ಎಂದು ಗುರುತಿಸಿದರು. ಲೆಕ್ಕ ಹಾಕಿದರೆ 44 ವರ್ಷ. ಕಂಡವರಿಗೆ ನಗು ಬಂದಿರಬಹುದು. ಆದರೆ ಶಿಶುವನ್ನು ಹೇಗೆ ಮಲಗಿಸಬೇಕು, ಯಾವ ಕಡೆ ನೋಡಿಸಬೇಕು ಎಂದು ಅಂದು ತೀರ್ಮಾನಿಸಿದವರು ಬೇರೆ. ಇಂದು ತೀರ್ಮಾನಿಸುವವಳು ತಾನು ಎಂಬುದು ಆ ಎರಡನೆಯ ಚಿತ್ರದ ತಾತ್ಪರ್ಯ.

ಇದು ಬರಿಯ ಪ್ರದರ್ಶನದ ವಿಷಯವಾಗಿ ಉಳಿಯದೆ ಜೀವದ ವಿಷಯವಾದದ್ದು 1982ರಲ್ಲಿ. ಆ ವರ್ಷ ಆಕೆಗೆ ಸ್ತನದ ಅರ್ಬುದರೋಗ ಇರುವುದು ಗೊತ್ತಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ, ತರುಣ ವೈದ್ಯನೊಬ್ಬ ವಿದ್ಯಾರ್ಥಿಗಳ ಗುಂಪಿನೊಂದಿಗೆ ಬಂದು, ಸರಿಯಾಗಿ ಮಾತನ್ನೂ ಆಡಿಸದೆ, ತೆಗೆಯಬೇಕಾದ ಜಾಗದ ಮೇಲೆ ಶಾಯಿಯಿಂದ ಗುರುತು ಹಾಕತೊಡಗಿದನೆಂದು ಆಕೆ ಬರೆದಿದ್ದಾರೆ. ಕೂಡದೆಂದು ಸ್ಪೆನ್ಸ್ ತಡೆದರು. ಇಡಿಯ ಸ್ತನವನ್ನು ತೆಗೆಯುವುದಕ್ಕೆ ಒಪ್ಪದೆ ಗಡ್ಡೆಯನ್ನು ಮಾತ್ರ ತೆಗೆಯಿಸಿಕೊಂಡರು. ಈ ದೇಹ ಯಾರ ಸೊತ್ತು ಎಂಬರ್ಥದ ಪ್ರಶ್ನೆಯೊಂದನ್ನು ತನ್ನ ಮೈಮೇಲೆಯೇ ಬರೆಯಿಸಿಕೊಂಡು ಚಿತ್ರ ತೆಗೆಸಿದ್ದು ಈ ಸಂದರ್ಭದಲ್ಲಿ. ಆ ಚಿಕಿತ್ಸೆಯ ನಿರ್ಧಾರ ಸರಿಯೋ ತಪ್ಪೋ ಎಂಬುದು ವೈದ್ಯರ ವಿಷಯ. ಯಾರೂ ಅದನ್ನು ಅನುಕರಿಸಬೇಕೆಂದು ನಾವು ಇಲ್ಲಿ ಹೇಳುತ್ತಿಲ್ಲ. ರೋಗಿಯಾದೊಡನೆ ತಾನು ಮತ್ತೆ ಶಿಶುವಾಗಿಬಿಟ್ಟೆ, ಬೇರೆಯವರು ಎತ್ತಿ ಇಳಿಸುವ ವಸ್ತುವಾಗಿಬಿಟ್ಟೆ ಎಂಬ ಭಾವನೆ ಆಕೆಯನ್ನು ಹಿಡಿಯಿತು. ಆ ಭಾವನೆಯ ಬೇರು ಆಸ್ಪತ್ರೆಯಲ್ಲಿಲ್ಲ, ಬಾಲ್ಯದಲ್ಲಿದೆ ಎಂದು ಆಕೆಗೆ ತೋರಿತು.

1983ರಲ್ಲಿ, ಒಬ್ಬರು ಇನ್ನೊಬ್ಬರ ದುಃಖವನ್ನು ಸರದಿಯ ಮೇಲೆ ಆಲಿಸುವ ಸಲಹಾಪದ್ಧತಿಯ ತರಗತಿಯಲ್ಲಿ ಆಕೆಗೆ ರೋಸಿ ಮಾರ್ಟಿನ್ ಎಂಬಾಕೆಯ ಪರಿಚಯವಾಯಿತು. ಮಾತಿನಲ್ಲಿ ನಡೆಯುತ್ತಿದ್ದ ಈ ಸರದಿಯೊಳಕ್ಕೆ ಇವರಿಬ್ಬರೂ ಕ್ಯಾಮೆರಾವನ್ನು ತಂದರು. ಹೀಗೆ ಹುಟ್ಟಿದ ಕ್ರಮಕ್ಕೆ ಛಾಯಾಚಿತ್ರ ಚಿಕಿತ್ಸೆಯೆಂದು ಹೆಸರಾಯಿತು. ಛಾಯಾಚಿತ್ರವನ್ನು ಚಿಕಿತ್ಸೆಗೆ ಬಳಸಿದವರು ಇವರೇ ಮೊದಲಿಗರಲ್ಲ. ಆ ಮಾತಿಗೆ ಆಮೇಲೆ ಬರುತ್ತೇವೆ.

ಕ್ರಮವು ಹೀಗೆ. ಮೊದಲು ಇಬ್ಬರೂ ಕುಳಿತು ಹಳೆಯ ಆಲ್ಬಮ್ಮುಗಳನ್ನು ನೋಡುವುದು. ಇಂಥ ಚಿತ್ರ ಇದೆ, ಇಂಥದು ಇರಬೇಕಾಗಿತ್ತು, ಇಲ್ಲ, ಎಂದು ಗುರುತಿಸಿಕೊಳ್ಳುವುದು. ಯಾವುದೋ ಒಂದು ಗಳಿಗೆಯ ಬಳಿ ಬಂದಾಗ ಗಂಟಲು ಬಿಗಿದರೆ, ಮಾತು ಹಾರಿಕೆಯಾದರೆ, ಅಲ್ಲಿ ನಿಲ್ಲುವುದು. ಬಳಿಕ ಆ ಗಳಿಗೆಗೆ ತಕ್ಕ ಉಡುಗೆತೊಡುಗೆಗಳನ್ನು, ಸಾಮಾನುಗಳನ್ನು ಹಳೆಯ ಬಟ್ಟೆಯ ಅಂಗಡಿಗಳಿಂದಲೋ ಮನೆಯಿಂದಲೋ ಹುಡುಕಿ ತರುವುದು. ಉಟ್ಟವಳೇ ಸೂತ್ರಧಾರಿಣಿ; ಎಲ್ಲಿ ಕೂರಬೇಕು, ಹೇಗೆ ನೋಡಬೇಕು, ಯಾವಾಗ ನಿಲ್ಲಿಸಬೇಕು ಎಲ್ಲವೂ ಅವಳ ಮಾತು. ಕ್ಯಾಮೆರಾ ಹಿಡಿದವಳು ಆ ಹೊತ್ತಿಗೆ ಅವಳ ಆಪ್ತಳು, ಕಾವಲುಗಾತಿ. ತೀರ್ಪು ಹೇಳುವಂತಿಲ್ಲ, ಚೆಂದ ಕಾಣು ಎನ್ನುವಂತಿಲ್ಲ. ಒಂದೆರಡಲ್ಲ, ಅನೇಕ ಚಿತ್ರಗಳನ್ನು ತೆಗೆಯುತ್ತ ಹೋಗುವುದು. ಏಕೆಂದರೆ ಭಾವ ಬದಲಾಗುವುದು ಚಿತ್ರ ಚಿತ್ರದ ನಡುವೆ. ಮುಂದೊಂದು ದಿನ ಆ ಚಿತ್ರಗಳನ್ನು ಹರಡಿಕೊಂಡು ಇಬ್ಬರೂ ಕುಳಿತು ಮಾತನಾಡುವುದು. ಇಷ್ಟಾದ ಮೇಲೆ ಸರದಿ ಬದಲು. ಚಿತ್ರ ತೆಗೆದವಳು ವೇಷ ಕಟ್ಟಬೇಕು, ವೇಷ ಕಟ್ಟಿದವಳು ಕ್ಯಾಮೆರಾ ಹಿಡಿಯಬೇಕು. ಈ ಕೊನೆಯ ನಿಯಮ ನಮಗೆ ಬಹಳ ಹಿಡಿಸಿತು. ಒಬ್ಬರೇ ಯಾವಾಗಲೂ ಕೇಳುವವರು, ಇನ್ನೊಬ್ಬರೇ ಯಾವಾಗಲೂ ಅಳುವವರು ಎಂಬ ವ್ಯವಸ್ಥೆ ಇಲ್ಲಿಲ್ಲ.

ಶಿಶುವಿನ ಟೊಪ್ಪಿಗೆಯಲ್ಲಿ ಸ್ಪೆನ್ಸ್ ಚಿತ್ರ ತೆಗೆಸಿಕೊಂಡರು. ಐವತ್ತರ ಹೆಂಗಸಿನ ಮುಖದ ಮೇಲೆ ಶಿಶುವಿನ ಅಸಹಾಯತೆ. ಆದರೆ ನಮ್ಮ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು. ತಾಯಿಯ ವೇಷದಲ್ಲಿ, ಯುದ್ಧಕಾಲದ ಕಾರ್ಖಾನೆಗೆ ದುಡಿಯಲು ಹೋಗುತ್ತಿದ್ದ ಹೆಂಗಸಾಗಿ, ತಲೆಗೆ ಬಟ್ಟೆ ಸುತ್ತಿಕೊಂಡು ಆಕೆ ಕಾಣಿಸಿಕೊಂಡ ಚಿತ್ರ. ಸ್ಪೆನ್ಸ್ ಓದುಬರಹದವರ, ಕಲಾವಿದರ ವಲಯಕ್ಕೆ ಸೇರಿಕೊಂಡ ಮೇಲೆ ತನ್ನ ಹುಟ್ಟಿನ ವರ್ಗದ ಬಗೆಗೆ ಒಳಗೊಳಗೇ ನಾಚಿಕೆಪಟ್ಟುಕೊಂಡವರು. ಅದನ್ನು ಆಕೆ ಮರೆಮಾಚಲಿಲ್ಲ. ತಾಯಿ ತನ್ನನ್ನು ದೂರ ಕಳುಹಿದಳು, ತನಗೆ ಬೇಕಾದಷ್ಟು ದೊರೆಯಲಿಲ್ಲ ಎಂಬ ಮಗಳ ದೂರು ಒಂದು ಕಡೆ. ಆ ತಾಯಿಯ ಬಟ್ಟೆಯನ್ನು ಸುತ್ತಿ, ಅವಳಂತೆ ಭುಜ ಇಳಿಬಿಟ್ಟು ನಿಂತಾಗ, ದಿನವಿಡೀ ಯಂತ್ರದ ಮುಂದೆ ನಿಂತು ಬಂದವಳಿಗೆ ಸಂಜೆ ಎಷ್ಟು ಉಳಿದಿರುತ್ತಿತ್ತು ಎಂಬುದು ಮೈಗೆ ತಿಳಿಯುವುದು ಇನ್ನೊಂದು ಕಡೆ. ದೂರು ಸುಳ್ಳಾಗುವುದಿಲ್ಲ. ಆದರೆ ದೂರಿನ ಎದುರಿಗೆ ಒಬ್ಬ ಮನುಷ್ಯಳು ಬಂದು ನಿಲ್ಲುತ್ತಾಳೆ.

ಯಕ್ಷಗಾನದ ನಾಡಿನವರಾದ ನಮಗೆ ಇದನ್ನು ತಿಳಿಯುವುದು ಕಷ್ಟವಾಗಬಾರದು. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ಕಲಾವಿದನ ಮುಖ ಬದಲಾಗುವುದಕ್ಕೆ ಮುನ್ನ ಕೂರುವ ಕ್ರಮ ಬದಲಾಗುವುದನ್ನು ಕಂಡವರಿದ್ದೀರಿ. ಗೆಜ್ಜೆ ಕಟ್ಟಿ ಎದ್ದವನನ್ನು ಹೆಸರು ಹಿಡಿದು ಕರೆದರೆ ಸಟ್ಟನೆ ತಿರುಗಿ ನೋಡುವುದಿಲ್ಲ. ಸ್ತ್ರೀವೇಷದ ಹಿರಿಯ ಕಲಾವಿದರೊಬ್ಬರು, ಸೀರೆಯುಟ್ಟು ರಾತ್ರಿಯಿಡೀ ನಿಂತ ಮೇಲೆ ಮನೆಯ ಹೆಂಗಸರ ಸೊಂಟನೋವಿನ ಮಾತನ್ನು ತಾವು ಹಗುರವಾಗಿ ಕಾಣಲಿಲ್ಲವೆಂದು ನಮ್ಮೊಡನೆ ಹೇಳಿದ್ದುಂಟು. ವ್ಯತ್ಯಾಸವೇನೆಂದರೆ, ಅಲ್ಲಿ ವೇಷ ಪುರಾಣದ್ದು, ನೋಡುವವರು ಸಾವಿರ ಜನ. ಇಲ್ಲಿ ವೇಷ ಸ್ವಂತ ತಾಯಿಯದು, ನೋಡುವವರು ಒಬ್ಬರು.

ಈಗ ಹಿಂದಿನ ಮಾತಿಗೆ. ಹ್ಯೂ ಡೈಮಂಡ್ ಎಂಬ ವೈದ್ಯರು 1850ರ ದಶಕದಲ್ಲಿಯೇ ಇಂಗ್ಲೆಂಡಿನ ಸರ್ರೆ ಪ್ರಾಂತದ ಮನೋರೋಗಿಗಳ ಆಸ್ಪತ್ರೆಯಲ್ಲಿ, ಸ್ತ್ರೀಯರ ವಿಭಾಗದ ರೋಗಿಗಳ ಭಾವಚಿತ್ರಗಳನ್ನು ತೆಗೆದಿದ್ದರು. ತಮ್ಮ ಚಿತ್ರವನ್ನು ತಾವೇ ನೋಡುವುದರಿಂದ ಕೆಲವು ರೋಗಿಗಳಿಗೆ ಗುಣ ಕಾಣುವುದೆಂದು ಅವರು 1856ರಲ್ಲಿ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಮಂಡಿಸಿದರು. ಆದರೆ ಅಲ್ಲಿ ಕ್ಯಾಮೆರಾ ವೈದ್ಯರ ಕೈಯಲ್ಲಿ, ರೋಗಿ ಕುರ್ಚಿಯಲ್ಲಿ. ಹೇಗೆ ಕಾಣಬೇಕೆಂಬುದರಲ್ಲಿ ಆಕೆಗೆ ಮಾತಿಲ್ಲ. ಇನ್ನು ನಟನೆಯಿಂದ ಮನಸ್ಸಿನ ಗಂಟನ್ನು ಸಡಿಲಿಸುವ ವಿಧಾನವನ್ನು ವಿಯೆನ್ನಾದಲ್ಲಿ ಆರಂಭಿಸಿ ಅಮೆರಿಕದಲ್ಲಿ ಬೆಳೆಸಿದವರು ಮೊರೆನೊ ಎಂಬ ವೈದ್ಯರು. ಅಧ್ಯಾಪಕ ತರಬೇತಿಯಲ್ಲಿ ನಾವು ಪಾತ್ರಾಭಿನಯವೆಂದು ಕಲಿತು, ತರಗತಿಯಲ್ಲಿ ಅಂಗಡಿಯಾಟ, ಅಂಚೆಯಾಟಗಳಿಗೆ ಮಾತ್ರ ಬಳಸಿದ ವಿದ್ಯೆಯ ಒಂದು ಮೂಲ ಅಲ್ಲಿದೆ. ಸ್ಪೆನ್ಸ್ ಮತ್ತು ಮಾರ್ಟಿನ್ ಈ ಎರಡನ್ನೂ ಸೇರಿಸಿ, ಅಧಿಕಾರವನ್ನು ಕುರ್ಚಿಯಲ್ಲಿ ಕುಳಿತವಳ ಕೈಗೆ ಕೊಟ್ಟರೆನ್ನಬಹುದು.

ನಮ್ಮವರಲ್ಲಿ ವೇಷ ಕಟ್ಟಿ ಚಿತ್ರ ತೆಗೆಸಿಕೊಂಡವರು ಇಲ್ಲದಿಲ್ಲ. 1956ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಪುಷ್ಪಮಾಲಾ ಎನ್. ಅವರು, ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡಗೂಡಿ 2000ದಿಂದ 2004ರ ವರೆಗೆ ರಚಿಸಿದ ಚಿತ್ರಮಾಲೆಯಲ್ಲಿ ರವಿವರ್ಮನ ಲಕ್ಷ್ಮಿಯಾಗಿಯೂ ಇನ್ನೂ ಹಲವು ಸ್ತ್ರೀಯರಾಗಿಯೂ, ಬಣ್ಣದ ಪರದೆಗಳ ಮುಂದೆ ನಿಂತಿದ್ದಾರೆ. ಅದರ ಉದ್ದೇಶ ಬೇರೆ. ದಕ್ಷಿಣದ ಹೆಂಗಸನ್ನು ಚಿತ್ರಗಳು ಹೇಗೆ ಕಟ್ಟಿದವು ಎಂಬ ವಿಮರ್ಶೆ ಅದು, ಮನೆಯ ಗಾಯದ ಮಾತಲ್ಲ. ಒಂದನ್ನು ಇನ್ನೊಂದೆಂದು ತಿಳಿಯಬಾರದೆಂದು ಇಷ್ಟು ಹೇಳಿದೆವು.

ಸ್ಪೆನ್ಸ್ 1986ರಲ್ಲಿ ತಮ್ಮ ಬದುಕನ್ನು ಚಿತ್ರಸಹಿತ ಪುಸ್ತಕವಾಗಿ ಪ್ರಕಟಿಸಿದರು. ಮುಂದೆ ರಕ್ತದ ಅರ್ಬುದ ತಗಲಿ 1992ರಲ್ಲಿ ತೀರಿಕೊಂಡರು. ಹೊಸ ಚಿತ್ರ ತೆಗೆಯುವಷ್ಟು ಶಕ್ತಿಯಿಲ್ಲದ ಕೊನೆಯ ದಿನಗಳಲ್ಲಿ ತಮ್ಮ ಹಳೆಯ ಚಿತ್ರಗಳನ್ನೇ ಒಂದರ ಮೇಲೊಂದು ಮೂಡಿಸಿ ಸಾವನ್ನು ಎದುರುನೋಡುವ ಚಿತ್ರಗಳನ್ನು ಮಾಡಿದರು. ಮಾರ್ಟಿನ್ ಈ ಪದ್ಧತಿಯನ್ನು ಅನೇಕ ವರ್ಷ ಇತರರಿಗೂ ಕಲಿಸಿದರು. ಚಿತ್ರದಿಂದ ಅರ್ಬುದ ವಾಸಿಯಾಗುವುದಿಲ್ಲ. ಚಿಕಿತ್ಸೆಯೆಂಬ ಶಬ್ದವನ್ನು ಕಂಡು ಯಾರೂ ಔಷಧವನ್ನು ಬಿಡತಕ್ಕದ್ದಲ್ಲ.

ಇನ್ನೂ ಒಂದೆರಡು ಎಚ್ಚರಿಕೆಗಳುಂಟು. ಇದು ನೆಂಟರೆಲ್ಲ ಸೇರಿದಾಗ ಆಡುವ ವಿನೋದವಲ್ಲ. ತೀವ್ರವಾದ ಆಘಾತವನ್ನು ಅನುಭವಿಸಿದವರು, ಮನೋವೈದ್ಯರ ಆರೈಕೆಯಲ್ಲಿರುವವರು, ಅವರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಶಾಲೆಯಲ್ಲಿ ಮಕ್ಕಳ ಮೇಲೆ ಪ್ರಯೋಗಿಸಲಂತೂ ಕೂಡದು; ಮಗುವಿಗೆ ಬೇಡವೆನ್ನುವ ಧೈರ್ಯ ಮೇಷ್ಟರ ಮುಂದೆ ಇರುವುದಿಲ್ಲವೆಂಬುದು ಇಷ್ಟು ವರ್ಷಗಳ ಅನುಭವದಿಂದ ನಾವು ಬಲ್ಲ ಸಂಗತಿ. ಈಗ ಪ್ರತಿಯೊಬ್ಬರ ಕೈಯಲ್ಲಿ ಮೊಬೈಲ್ ಇರುವುದರಿಂದ ಖರ್ಚಿಲ್ಲದೆ ನೂರು ಚಿತ್ರ ತೆಗೆಯಬಹುದು. ಅರೆಗಳಿಗೆಯಲ್ಲಿ ಅವು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹೊಕ್ಕು ದುಬೈಯಲ್ಲಿರುವ ಅಳಿಯನ ತನಕ ಹೋಗಿಯೂ ಬಿಡಬಹುದು. ವೇಷ ಕಟ್ಟಿದವರ ಅಪ್ಪಣೆಯಿಲ್ಲದೆ ಒಂದು ಚಿತ್ರವೂ ಕೋಣೆಯಿಂದ ಹೊರಗೆ ಹೋಗಬಾರದು.

ಇಷ್ಟನ್ನೂ ಓದಿ ತಿಳಿದು, ನಾವೇ ಮಾಡಿ ನೋಡದೆ ಬರೆಯುವುದು ಸರಿಯಲ್ಲವೆಂದು ತೋರಿತು. ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಅಕ್ಕ ಮಗಳೊಂದಿಗೆ ಬಂದು ನಾಲ್ಕು ದಿನ ತಂಗಿದ್ದರು. ನಮ್ಮ ತಾಯಿಯವರದು ಮನೆಯಲ್ಲಿರುವುದು ಒಂದೇ ಭಾವಚಿತ್ರ. ಅದರಲ್ಲಿ ಅವರು ಜರಿಯಂಚಿನ ಸೀರೆಯುಟ್ಟು, ಯಾರದೋ ಸರ ಹಾಕಿಕೊಂಡು, ಬಣ್ಣದ ಮೆಟ್ಟಿಲಿನ ಮುಂದೆ ನಿಂತಿದ್ದಾರೆ. ನಾವು ಕಂಡ ತಾಯಿ ಅವರಲ್ಲ. ನಾವು ಕಂಡ ತಾಯಿ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಗೆರಸೆಯಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದವರು. ರಾತ್ರಿಯೇ ಎಲೆಯನ್ನು ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು, ತಗಡಿನ ಅಳತೆಯಿಟ್ಟು ಕತ್ತರಿಸುವುದು, ಹುಡಿ ತುಂಬಿ ಸುರುಳಿ ಸುತ್ತಿ ನೂಲು ಕಟ್ಟುವುದು, ಮರುದಿನ ಬ್ರಾಂಚಿಗೆ ಹೊತ್ತು ಹಾಕುವುದು. ದಿನಕ್ಕೆ ಸಾವಿರ ಬೀಡಿ. ಆ ಸಾವಿರ ಬೀಡಿಯ ಮಜೂರಿಯಿಂದ ನಾವು ಓದಿದೆವು, ತರಬೇತಿ ಮುಗಿಸಿದೆವು, ಅಧ್ಯಾಪಕರಾದೆವು. ಈ ಮಾತನ್ನು ಶಾಲೆಯ ವಾರ್ಷಿಕೋತ್ಸವದ ಭಾಷಣಗಳಲ್ಲಿ, ಚಿಮಿಣಿ ದೀಪದ ಬೆಳಕಿನಲ್ಲಿ ಓದಿದ ಕಥೆಯೊಡನೆ, ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ.

ಆ ಚಿತ್ರವನ್ನು ತೆಗೆಯೋಣವೇ ಎಂದು ಅಕ್ಕನನ್ನು ಕೇಳಿದೆವು. "ನಿನಗೆ ಬೇರೆ ಕೆಲಸವಿಲ್ಲವಾ ತಮ್ಮ" ಎಂದವರು, ಮರುದಿನ ಬೆಳಿಗ್ಗೆ ತಾವೇ ಪೆಟ್ಟಿಗೆ ತೆರೆದು ತಾಯಿಯವರ ನೂಲಿನ ಸೀರೆಯನ್ನು ತೆಗೆದು ಉಟ್ಟರು. ಬೀಡಿ ಎಲೆ ಈಗ ಎಲ್ಲಿಂದ ತರುವುದು? ಹಲಸಿನ ಎಲೆಯನ್ನು ಕತ್ತರಿಸಿದೆವು. ಹುಡಿಯ ಬದಲಿಗೆ ಚಹಾದ ಪುಡಿ. ಅಕ್ಕ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಗೆರಸೆಯನ್ನು ಮಡಿಲಿಗೆ ಎಳೆದುಕೊಂಡರು. ಸೊಸೆ ಮೊಬೈಲ್ ಹಿಡಿದು ಎದುರು ನಿಂತಳು. ಮೊದಮೊದಲು ಮೂವರಿಗೂ ನಗು. ನಾಲ್ಕನೆಯ ಬೀಡಿಗೆ ಬರುವಷ್ಟರಲ್ಲಿ ಅಕ್ಕನ ಬೆರಳುಗಳು ತಮ್ಮಷ್ಟಕ್ಕೆ ಓಡತೊಡಗಿದವು. ತಲೆ ಬಾಗಿತು. ಮೈ ಮೆಲ್ಲನೆ ಮುಂದಕ್ಕೂ ಹಿಂದಕ್ಕೂ ತೂಗತೊಡಗಿತು. ತಾಯಿಯವರು ಹಾಗೆಯೇ ತೂಗುತ್ತಿದ್ದರೆಂಬುದು ನಮಗೆ ಅದುವರೆಗೆ ನೆನಪಿರಲಿಲ್ಲ.

"ನಾನು ಇಲ್ಲಿ ಕೂರುತ್ತಿದ್ದುದಲ್ಲ" ಎಂದು ಅಕ್ಕ ಥಟ್ಟನೆ ನಿಲ್ಲಿಸಿದರು. "ಇದು ಅಮ್ಮನ ಜಾಗ. ನನ್ನದು ಎದುರು." ಎದ್ದು ಆಚೆಗೆ ಹೋಗಿ ಕುಳಿತು, ನಮ್ಮತ್ತ ನೋಡಿ, "ನೀನು ಅಲ್ಲಿ, ಬಾಗಿಲ ಹತ್ತಿರ. ಆ ಕಡೆ ಮುಖ ಮಾಡಿ" ಎಂದರು. ಅವರು ತೋರಿಸಿದಲ್ಲಿ ಹೋಗಿ ಕುಳಿತೆವು. ಪುಸ್ತಕವೊಂದನ್ನು ತಂದು ಕೈಗೆ ಕೊಟ್ಟರು. ಕುಳಿತ ಮೇಲೆ ತಿಳಿಯಿತು, ಅಲ್ಲಿಂದ ಜಗಲಿಯಲ್ಲಿ ಕುಳಿತವರು ಕಾಣುವುದಿಲ್ಲ. ಅವರಿಗೆ ನಮ್ಮ ಬೆನ್ನು ಕಾಣುತ್ತದೆ.

"ದೀಪ ಎಲ್ಲಿತ್ತು?" ಎಂದು ಕೇಳಿದೆವು.

"ನಿನ್ನ ಹತ್ತಿರ. ಮತ್ತೆಲ್ಲಿ? ನಮಗೆ ದೀಪ ಬೇಕಾಗಿರಲಿಲ್ಲ, ಬೆರಳಿಗೆ ಗೊತ್ತಿತ್ತು."

ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಓದಿನಲ್ಲಿ ಮನಸ್ಸಿರಲಿಲ್ಲವೆಂದು ಮನೆಯಲ್ಲಿ ಹೇಳುತ್ತಿದ್ದರು. ನಾವೂ ಹಾಗೆಯೇ ನಂಬಿದ್ದೆವು, ಮುಖ್ಯೋಪಾಧ್ಯಾಯರಾಗಿ ಮನೆ ಮನೆಗೆ ಹೋಗಿ ಶಾಲೆ ಬಿಟ್ಟ ಹುಡುಗಿಯರನ್ನು ಮರಳಿ ಕರೆತಂದ ವರ್ಷಗಳಲ್ಲಿಯೂ ನಂಬಿದ್ದೆವು. ಅಂದು ಆ ಮಾತನ್ನು ಕೇಳಿದಾಗ ಅವರು ಗೆರಸೆಯಿಂದ ಕಣ್ಣೆತ್ತಲಿಲ್ಲ. ಗಣಿತದಲ್ಲಿ ತನಗೆ ತರಗತಿಯಲ್ಲೇ ಹೆಚ್ಚು ಅಂಕ ಬರುತ್ತಿತ್ತೆಂದೂ, ಶಾಲೆ ಬಿಡಬೇಕಾದ ದಿನ ಟೀಚರು ಮನೆಯ ತನಕ ಬಂದು ಕೇಳಿಕೊಂಡಿದ್ದರೆಂದೂ, ಒಬ್ಬರು ಓದಲಿ, ಒಬ್ಬರು ಕಟ್ಟಲಿ ಎಂದು ಅಮ್ಮ ಹೇಳಿದ್ದರೆಂದೂ ಬೀಡಿ ಸುತ್ತುತ್ತಲೇ ಹೇಳಿದರು. ಅಮ್ಮನ ಮೇಲೆ ಆ ಸಿಟ್ಟು ಸಾಯುವ ತನಕವೂ ಇತ್ತೆಂದರು. "ಆದರೆ ಈಗ ಅಮ್ಮನ ಜಾಗದಲ್ಲಿ ಕೂತಾಗ, ಎದುರಿಗೆ ನಾನು ಕಂಡೆ. ಸಣ್ಣ ಹುಡುಗಿ. ಅದನ್ನು ದಿನಾ ನೋಡಿಕೊಂಡು ಕಟ್ಟಬೇಕಿತ್ತಲ್ಲ ಅವಳು" ಎಂದು ಹೇಳಿ ಸುಮ್ಮನಾದರು. ಸೊಸೆ ಮೊಬೈಲನ್ನು ಕೆಳಗಿಳಿಸಿದ್ದಳು. ಅಕ್ಕನೇ, "ತೆಗಿ ತೆಗಿ" ಎಂದರು.

ನಿಯಮದಂತೆ ಸರದಿ ಬದಲಾಗಬೇಕಲ್ಲ. ಅಕ್ಕನ ಜಾಗದಲ್ಲಿ ನಾವು ಗೆರಸೆಯಿಟ್ಟುಕೊಂಡು 40 ನಿಮಿಷ ಕುಳಿತೆವು. ಒಂದು ಬೀಡಿಯ ಬಾಯಿಯನ್ನೂ ಮಡಿಸಲು ಬರಲಿಲ್ಲ. ಬೆನ್ನು ಸೆಟೆದು, ಕಾಲು ಜೋಮು ಹಿಡಿದು, ಬಾಗಿಲ ಕಡೆ ನೋಡುತ್ತಿದ್ದೆವು. ಮೊಬೈಲ್ ಹಿಡಿದ ಅಕ್ಕ ಆ ಹೊತ್ತಿನಲ್ಲಿ ಒಂದೂ ಮಾತನಾಡಲಿಲ್ಲ. ಕೊನೆಗೆ ನಾವು ಸುತ್ತಿದ ಎರಡು ಬೀಡಿಗಳನ್ನು ಎತ್ತಿ ನೋಡಿ, "ಇದು ಬ್ರಾಂಚಿನಲ್ಲಿ ನಡೆಯುವುದಿಲ್ಲ" ಎಂದು ಪಕ್ಕಕ್ಕಿಟ್ಟರು.

ಒಟ್ಟು 86 ಚಿತ್ರಗಳು. ಎರಡು ದಿನ ಬಿಟ್ಟು, ಊಟವಾದ ಮೇಲೆ ಕುಳಿತು ನೋಡಿದೆವು. ಬಹಳಷ್ಟನ್ನು ಅಕ್ಕ ಅಳಿಸಿಹಾಕಿಸಿದರು. ತಾವು ತಾಯಿಯವರ ಜಾಗದಲ್ಲಿ ಕುಳಿತ ಒಂದನ್ನು ಮಾತ್ರ ಕಾಗದದ ಮೇಲೆ ಮುದ್ರಿಸಿ ತರಿಸಿಕೊಂಡು, ತಮ್ಮ ಮನೆಯ ಕಪಾಟಿನಲ್ಲಿಟ್ಟಿದ್ದಾರೆ. ಗೋಡೆಗೆ ಹಾಕುವುದು ಬೇಡವೆಂದಿದ್ದಾರೆ. ನಮ್ಮ ಬೆನ್ನು ಕಾಣುವ ಚಿತ್ರ ನಮ್ಮಲ್ಲಿದೆ.

ಪತ್ರ ಬರೆದ ಸೋದರಿಗೆ ಈ ಬರಹವೇ ಉತ್ತರ. ಇದನ್ನು ಅಚ್ಚಿಗೆ ಕಳುಹುವ ಮುನ್ನ ಅಕ್ಕನಿಗೆ ಓದಿ ಹೇಳಿದೆವು. ಅವರ ಅಪ್ಪಣೆಯಿಂದಲೇ ಪ್ರಕಟಿಸುತ್ತಿದ್ದೇವೆ. ಎಲ್ಲವನ್ನೂ ಕೇಳಿ, ಒಂದೇ ಕಡೆ ತಿದ್ದಬೇಕೆಂದರು. ಅಮ್ಮ ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದರೆಂದು ನಾವು ಬರೆದದ್ದು ತಪ್ಪಂತೆ. ಬ್ರಾಂಚಿನ ಪುಸ್ತಕ ಅಮ್ಮನ ಹೆಸರಿನಲ್ಲಿ ಇದ್ದುದರಿಂದ ಹಾಗೆ ಕಾಣುತ್ತದೆ. ಅಮ್ಮನವು ಆರುನೂರು, ಉಳಿದ ನಾನೂರು ತನ್ನವು ಎಂದರು.